ಮೂವರಿಗೆ ಹೋದ ಇಮೇಲ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪತ್ತೇದಾರಿ ಕತೆಯೆಂದರೆ ಹೆಣ, ರಕ್ತ, ಕತ್ತಲ ಓಣಿ ಎಲ್ಲ ಇರಬೇಕೆಂದು ಓದುಗರು ಬಯಸುವುದು ಸಹಜ. ಇದರಲ್ಲಿ ಅದಾವುದೂ ಇಲ್ಲ. ಇಲ್ಲಿ ಕೈತಪ್ಪಿದ್ದು ಒಂದು ಕೆಲಸ, ಅದೂ ಇನ್ನೂ ಪೂರ್ತಿ ಕೈಗೆ ಬಂದಿರದ ಕೆಲಸ. ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇದ್ದಾರೆ. ಅವರಾರೂ ಬಾಯಿ ಬಿಡದ ಕಾರಣ, ಟೈಪಿಸ್ಟ್ ನನಗೆ ಹೇಳಿದ್ದನ್ನು ಹೇಳಿದಷ್ಟೇ ಬರೆದಿದ್ದೇನೆ. ಎಡವಟ್ಟಾಗಿದ್ದರೆ ತಪ್ಪು ನನ್ನದು, ಅವನದಲ್ಲ.

ಟೈಪಿಸ್ಟ್ ಒಬ್ಬ ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ. ಸಂಜೆ ಕಾಲೇಜಿನಲ್ಲಿ ಓದಿ ಪಾಸಾದವನು. ಬೀಗ ಹಾಕಿದ ಮೇಲೂ ಬಾಗಿಲು ಜಗ್ಗಿ ನೋಡುವ, ಜಗ್ಗಿ ನೋಡಿದ ಮೇಲೂ ಅರ್ಧ ದಾರಿಯಿಂದ ವಾಪಸು ಬರುವ ಸ್ವಭಾವ. ಅವನು ಬಾಡಿಗೆಗಿದ್ದದ್ದು ಕಟ್ಟಡದ ಮೇಲಿನ ಮಹಡಿಯಲ್ಲಿ, ದೊಡ್ಡಮ್ಮನ ಮನೆಯ ಹೊರಕೋಣೆಯಲ್ಲಿ. ದೊಡ್ಡಮ್ಮ ಅವನ ರಕ್ತಸಂಬಂಧಿಯಲ್ಲ. ಇಡೀ ಕಟ್ಟಡವೇ ಅವರನ್ನು ಹಾಗೆ ಕರೆಯುತ್ತಿತ್ತು. ವಿಮಾ ಕಂಪನಿಯೊಂದರಲ್ಲಿ ಸುಟ್ಟ ಅಂಗಡಿ, ನೀರು ನುಗ್ಗಿದ ಗೋದಾಮುಗಳ ತನಿಖೆ ಮಾಡಿ ನಿವೃತ್ತರಾದವರು. ಪೊಲೀಸರ ತನಕ ಒಯ್ಯುವಷ್ಟು ದೊಡ್ಡದಲ್ಲದ, ಸುಮ್ಮನೆ ನುಂಗಿಕೊಳ್ಳುವಷ್ಟು ಚಿಕ್ಕದೂ ಅಲ್ಲದ ತಕರಾರು ಇದ್ದವರು ಮೆಟ್ಟಿಲು ಹತ್ತಿ ಅವರ ಬಾಗಿಲು ಬಡಿಯುತ್ತಿದ್ದರು. ಅಂಥ ಹೊತ್ತಿನಲ್ಲಿ ಟೈಪಿಸ್ಟ್ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಬರೆದದ್ದನ್ನು ದೊಡ್ಡಮ್ಮ ಎಂದೂ ಓದಿಸಿಕೊಂಡವರಲ್ಲ. ಅವನೂ ಬರೆಯುವುದನ್ನು ಬಿಟ್ಟವನಲ್ಲ.

ಆ ಶುಕ್ರವಾರ ಬೆಳಿಗ್ಗೆ ಬಂದವಳು ಕೆಳಗಿನ ಮನೆಯ ಸೊಸೆ. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮೇಣ, ಪ್ಲಾಸ್ಟರಿನ ಅಚ್ಚು ಹಿಡಿದು ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ಕಟ್ಟಡದ ಮಕ್ಕಳಿಗೆ ಅವಳು ಹಲ್ಲಕ್ಕ. ದೊಡ್ಡವರೂ ಅದನ್ನೇ ಹಿಡಿದಿದ್ದರು. ಕೆಲಸಕ್ಕೆ ಹೊರಟವಳು ಅರ್ಧ ತೋಳಿನ ಕೋಟನ್ನು ಕೈಮೇಲೆ ಹಾಕಿಕೊಂಡೇ ಬಂದಿದ್ದಳು. ಅದರ ಅಂಚಿಗೆ ಪ್ಲಾಸ್ಟರ್ ಒಣಗಿ ಹಿಡಿದಿತ್ತು.

"ನಾನು ಬೇಡ ಅಂದಿಲ್ಲ ದೊಡ್ಡಮ್ಮ," ಎಂದಳು. "ಆದರೆ ಬೇಡ ಅಂದೆ ಅಂತ ಅವರ ಹತ್ರ ದಾಖಲೆ ಇದೆ."

ಕೂರಿಸಿ ನೀರು ಕೊಟ್ಟ ಮೇಲೆ ವಿಷಯ ಹೊರಬಂತು. ಊರಿನ ದೊಡ್ಡ ಆಸ್ಪತ್ರೆಯ ದಂತ ವಿಭಾಗದ ಪ್ರಯೋಗಾಲಯದಲ್ಲಿ ಅವಳಿಗೆ ಕಾಯಂ ಕೆಲಸ ಸಿಕ್ಕಿತ್ತು. ವರ್ಷಗಟ್ಟಲೆ ಅರ್ಜಿ ಹಾಕುತ್ತಲೇ ಇದ್ದ ಕೆಲಸ. ವಯಸ್ಸಿನ ಮಿತಿಯಿಂದಾಗಿ ಇದೇ ಕೊನೆಯ ಅವಕಾಶ. ಸೋಮವಾರ ಆಸ್ಪತ್ರೆಯಿಂದ ಇಮೇಲ್ ಬಂತು. ಸೇರಲು ಒಪ್ಪಿಗೆಯಿದ್ದರೆ ಹಸಿರು ಬಟನ್, ಇಲ್ಲದಿದ್ದರೆ ಕೆಂಪು ಬಟನ್ ಒತ್ತಬೇಕು, ಶನಿವಾರ ಕೊನೆಯ ದಿನ ಎಂದು ಅದರಲ್ಲಿತ್ತು. ಹಲ್ಲಕ್ಕ ಒತ್ತಿರಲಿಲ್ಲ. ಆಸ್ಪತ್ರೆಯ ಕೆಲಸ ಬೆಳ್ಳಂಬೆಳಿಗ್ಗೆ ಶುರುವಾಗುತ್ತಿತ್ತು. ಕಣ್ಣಿನ ಆಪರೇಷನ್ ಆದ ಅತ್ತೆಗೆ ಬೆಳಿಗ್ಗೆ ಔಷಧಿ ಬಿಡುವವಳು ಅವಳೇ. ಅತ್ತೆ ಕೇಳಿದ ಕ್ಷಣವೇ ಬೇಡ ಎಂದಿದ್ದರು. ಗಂಡ ನೋಡೋಣ ಎಂದಿದ್ದ. ಮನೆಯವರೆಲ್ಲರ ಮುಖ ತಿಳಿಯಾಗಲಿ ಎಂದು ಅವಳು ಕಾದಳು. ಗುರುವಾರ ಆಸ್ಪತ್ರೆಯಿಂದ ಇನ್ನೊಂದು ಇಮೇಲ್ ಬಂತು: ತಮ್ಮ ನಿರಾಕರಣೆ ದಾಖಲಾಗಿದೆ.

ಅವಳು ಕೂಡಲೇ ಆಸ್ಪತ್ರೆಗೆ ಫೋನು ಮಾಡಿದ್ದಳು. ನೇಮಕಾತಿ ಗುಮಾಸ್ತರು ಮರ್ಯಾದೆಯಿಂದಲೇ ಮಾತಾಡಿದರು. ಬುಧವಾರ ಬೆಳಿಗ್ಗೆ ಕೆಂಪು ಬಟನ್ ಒತ್ತಲಾಗಿದೆ, ಆ ಲಿಂಕ್ ನಿಮಗೊಬ್ಬರಿಗೇ ಕಳಿಸಿದ್ದು, ಹಾಗಾಗಿ ಒತ್ತಿದವರು ನೀವೇ ಎಂದು ನಿಯಮ ಹೇಳುತ್ತದೆ. ಬೇರೆಯವರು ಒತ್ತಿದ್ದರೆ ಅವರೇ ಬಂದು ಹೇಳಬೇಕು, ಶನಿವಾರದೊಳಗೆ. ಆಮೇಲೆ ಪಟ್ಟಿಯ ಮುಂದಿನ ಹೆಸರು.

"ಬುಧವಾರ ಬೆಳಿಗ್ಗೆ ನೀನು ಎಲ್ಲಿದ್ದೆ?" ದೊಡ್ಡಮ್ಮ ಕೇಳಿದರು.

"ಕ್ಲಿನಿಕ್ಕಲ್ಲಿ. ಎರಡೂ ಕೈ ಪ್ಲಾಸ್ಟರಲ್ಲಿತ್ತು. ಫೋನು ಡ್ರಾಯರಲ್ಲಿ. ಡಾಕ್ಟರು ಎದುರಿಗೇ ಇದ್ರು, ಬೇಕಾದ್ರೆ ಕೇಳಿ."

"ಈ ಮೇಲ್ ಯಾರ್ಯಾರಿಗೆ ಕಳಿಸಿದ್ದೆ?"

ಹಲ್ಲಕ್ಕ ಗಂಡನಿಗೆ ಕಳಿಸಿದ್ದಳು, ಓದಲಿ ಎಂದು. ಅತ್ತೆಗೆ ಕಳಿಸಿದ್ದಳು, ಬಾಯಿಮಾತು ನಂಬುವುದಿಲ್ಲ ಎಂದದ್ದಕ್ಕೆ. ಡಾಕ್ಟರಿಗೆ ಕಳಿಸಿದ್ದಳು, ಅನುಭವದ ಪತ್ರ ಬೇಕಿತ್ತು. "ಸುಮ್ನೆ ನೋಡೋಕೆ ಅಷ್ಟೇ ಕಳಿಸಿದ್ದು," ಎಂದಳು.

"ಮೇಲ್ ಮುಂದಕ್ಕೆ ಕಳಿಸಿದ್ರೆ ಒಳಗಿರೋ ಲಿಂಕೂ ಜೊತೇಲಿ ಹೋಗತ್ತೆ ಮಗಳೇ. ಯಾರು ಒತ್ತಿದ್ರೂ ಆಸ್ಪತ್ರೆಗೆ ಅದು ನಿನ್ನ ಬೆರಳೇ. ಮನೆ ಬೀಗದ ಕೈ ನಕಲು ಮಾಡಿಸಿ ಹಂಚಿದ ಹಾಗಾಯ್ತು."

ಟೈಪಿಸ್ಟ್ ತಾನು ಈವರೆಗೆ ಯಾರ್ಯಾರಿಗೆ ಏನೇನು ಫಾರ್ವರ್ಡ್ ಮಾಡಿದ್ದೇನೆಂದು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸತೊಡಗಿದ.

ಹಲ್ಲಕ್ಕನ ಫೋನಿನಲ್ಲಿ ದೊಡ್ಡಮ್ಮ ಮೂಲ ಇಮೇಲನ್ನು ಓದಿದರು. ಮೇಲೆ ಆಸ್ಪತ್ರೆಯ ಚಿತ್ರ, ಕೆಳಗೆ ಒಕ್ಕಣೆ, ಅದರ ಕೆಳಗೆ ಅಕ್ಕಪಕ್ಕ ಎರಡು ಬಟನ್: ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಎರಡರ ಮೇಲೂ "ಇಲ್ಲಿ ಒತ್ತಿ" ಎಂದೇ ಇತ್ತು. ಕೊನೆಯಲ್ಲಿ, ಸೇರುವವರು ಅನುಭವದ ಪತ್ರ ತರಬೇಕು, ಪೂರ್ತಿ ತೋಳಿನ ಬಿಳಿ ಕೋಟು ತೊಟ್ಟು ಬರಬೇಕು ಎಂಬ ಸೂಚನೆ.

ಟೈಪಿಸ್ಟ್ ಅದನ್ನು ಆಫೀಸಿಗೆ ಒಯ್ದು ಅಚ್ಚು ಹಾಕಿಸಿ ತಂದ. ಆಫೀಸಿನದು ಕಪ್ಪು ಶಾಯಿಯ ಯಂತ್ರ. ಕಾಗದದ ಮೇಲೆ ಎರಡೂ ಬಟನ್ ಒಂದೇ ಬೂದಿಬಣ್ಣಕ್ಕೆ ತಿರುಗಿ, ಯಾವುದು ಹಸಿರು ಯಾವುದು ಕೆಂಪು ಎಂದು ತಂದವನಿಗೇ ತಿಳಿಯಲಿಲ್ಲ. ಯಂತ್ರದ ತಪ್ಪು, ಬೇರೆ ಕಡೆ ಹಾಕಿಸಿ ತರುತ್ತೇನೆ ಎಂದು ಅವನು ಒದ್ದಾಡಿದ. ದೊಡ್ಡಮ್ಮ ಆ ಬೂದಿ ಚೌಕಗಳನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಕಾಗದ ಸಾಕು, ಇನ್ನು ಮೂವರ ಹತ್ತಿರವೂ ಹೋಗಿ ಅವರವರ ಪರದೆಯ ಮೇಲೇ ನೋಡಬೇಕು ಎಂದರು. ಹೊರಟಾಗ ಇದ್ದ ಹಾಗೆಯೇ ಮೇಲ್ ತಲುಪಿರುತ್ತದೆ ಎಂದು ಯಾರು ಹೇಳಿದರು ಎಂದೂ ಕೇಳಿದರು. ಟೈಪಿಸ್ಟ್ ಹಾಗೆ ಹೇಳಿರಲಿಲ್ಲ. ಹೇಳಿದ್ದೆನೇನೋ ಎಂದು ಆದರೂ ಅನುಮಾನವಾಯಿತು.

ಮೊದಲು ಡಾಕ್ಟರು. ಒಬ್ಬ ರೋಗಿಯ ಬಾಯಲ್ಲಿ ಹತ್ತಿ ಇಟ್ಟು ಹೊರಗೆ ಬಂದರು. ಬುಧವಾರ ಹಲ್ಲಕ್ಕ ಎದುರಿಗೇ ಪ್ಲಾಸ್ಟರ್ ಕಲಸುತ್ತಿದ್ದದ್ದು ನಿಜ ಎಂದರು. ಅವಳು ಹೋದರೆ ಹಿಂದಿನ ಕೋಣೆಗೆ ಬೀಗ ಹಾಕಬೇಕಾದೀತು ಎಂಬುದನ್ನೂ ಮುಚ್ಚಿಡಲಿಲ್ಲ. ಕಂಪ್ಯೂಟರಿನಲ್ಲಿ ಅವಳ ಪತ್ರ ತೆಗೆದರು. "ಸಾರ್, ಅನುಭವದ ಪತ್ರ ಬೇಕು" ಎಂದು ಬರೆದು, ಅದರ ಕೆಳಗೆ ಆಸ್ಪತ್ರೆಯ ಒಕ್ಕಣೆಯ ಅಕ್ಷರಗಳನ್ನಷ್ಟೇ ನಕಲು ಮಾಡಿ ಅಂಟಿಸಿದ್ದಳು. ಚಿತ್ರವಿಲ್ಲ, ಬಣ್ಣವಿಲ್ಲ, ಒಂದರ ಕೆಳಗೊಂದು "ಇಲ್ಲಿ ಒತ್ತಿ", "ಇಲ್ಲಿ ಒತ್ತಿ".

"ಸುಳ್ಳು ಯಾಕೆ ಹೇಳ್ಲಿ," ಡಾಕ್ಟರು ದನಿ ತಗ್ಗಿಸಿದರು. "ಒತ್ತಿ ನೋಡ್ದೆ. ಎರಡೂ ಒತ್ತಿದೆ. ಕೆಟ್ಟ ಬುದ್ಧಿ. ಏನೂ ಆಗ್ಲಿಲ್ಲ ಅಂತ ಬಿಟ್ಟೆ."

ಟೈಪಿಸ್ಟ್ ಬರೆದು ಅಡಿಗೆರೆ ಎಳೆದ. ಅಷ್ಟರಲ್ಲಿ ದೊಡ್ಡಮ್ಮ ಬಗ್ಗಿ, ಪರದೆಯ ಮೇಲಿನ ಆ ಪದಗಳನ್ನು ತಾವೇ ಒತ್ತಿಬಿಟ್ಟರು.  ಏನೂ ಆಗಲಿಲ್ಲ. ಕಂಪ್ಯೂಟರ್ ನಿಂತುಹೋಗಿದೆ ಎಂದು ಟೈಪಿಸ್ಟ್ ಅಂದುಕೊಂಡ. ಮರುಕ್ಷಣವೇ ಡಾಕ್ಟರು ಬೇರೆ ಪತ್ರ ತೆರೆದರು. ಅದು ಸಲೀಸಾಗಿ ತೆರೆಯಿತು.

ಗಂಡ ಲಿಫ್ಟ್ ಮೆಕ್ಯಾನಿಕ್. ಸರ್ಕಾರಿ ಕಟ್ಟಡವೊಂದರ ಲಿಫ್ಟಿನ ಬಾಗಿಲು ಬಿಚ್ಚಿ, ಗ್ರೀಸು ಮೆತ್ತಿದ ಕೈಯಲ್ಲಿ ನಿಂತಿದ್ದ. ಕಂಪನಿ ಕೊಟ್ಟ ಫೋನನ್ನು ಮೊಣಕೈಯಿಂದಲೇ ಮುಂದೆ ತಳ್ಳಿದ. ಅವನ ಪರದೆಯ ಮೇಲೆ ಆಸ್ಪತ್ರೆಯ ಚಿತ್ರ, ಹಸಿರು, ಕೆಂಪು ಎಲ್ಲ ಹೊಳೆಯುತ್ತಿದ್ದವು. ಎಲ್ಲಕ್ಕೂ ಮೇಲೆ ಕಂಪನಿಯ ಹಳದಿ ಪಟ್ಟಿ: ಹೊರಗಿನಿಂದ ಬಂದ ಮೇಲ್, ಸುರಕ್ಷತೆಗಾಗಿ ಲಿಂಕುಗಳನ್ನು ತೆಗೆಯಲಾಗಿದೆ. ಪಟ್ಟಿಯ ಕಡೆ ಅವನು ನೋಡಿದವನೇ ಅಲ್ಲ. ಕಂಪನಿಗೆ ಬರುವ ಪ್ರತಿ ಮೇಲಿನ ಮೇಲೂ ಅದು ಇರುತ್ತಿತ್ತು.

"ನನ್ನ ಯಾಕೆ ಕೇಳ್ತೀರಿ," ಎಂದ. "ನಾನು ಒತ್ತೋದಾಗಿದ್ರೆ ಅವಳೆದುರಿಗೇ ಒತ್ತುತಿದ್ದೆ. ಬೇಡ ಬೇಡ ಅಂತ ಮನೆ ಹಾರಿಹೋಗೋ ಹಾಗೆ ಕೂಗಿದ್ದು ನಮ್ಮಮ್ಮ."

ಅಮ್ಮ, ಅಂದರೆ ಹಲ್ಲಕ್ಕನ ಅತ್ತೆ, ಕಿಟಕಿಯ ಪಕ್ಕ ಕೂತಿದ್ದರು. ಒಂದು ಕಾಲದಲ್ಲಿ ಬೀದಿಗೆಲ್ಲ ಬಟ್ಟೆ ಹೊಲಿದುಕೊಟ್ಟವರು. ಈಗ ದಪ್ಪ ಕನ್ನಡಕ ಹಾಕಿಕೊಂಡು, ಕಣ್ಣಿಗಿಂತ ಬೆರಳನ್ನೇ ನಂಬಿ, ಹೊಸ ಬಿಳಿ ಬಟ್ಟೆಯೊಂದರ ಹೊಲಿಗೆ ಬಿಚ್ಚುತ್ತಿದ್ದರು. ದಿಂಬಿನ ಗವಸು, ಅಳತೆ ತಪ್ಪಿತು ಎಂದು ಕೇಳದೆಯೇ ಹೇಳಿದರು. ಟೈಪಿಸ್ಟ್ ಸೌಜನ್ಯಕ್ಕೆಂದು ಬಟ್ಟೆ ಚೆನ್ನಾಗಿದೆ ಎಂದ. ಅವರು ಅದನ್ನು ಮಡಿಲೊಳಕ್ಕೆ ಎಳೆದುಕೊಂಡರು. ಒಂದು ತುಂಡು ಕೆಳಗೆ ಜಾರಿತು; ಮೇಲ್ತುದಿಯಲ್ಲಿ ಕಮಾನಿನಂತೆ ಕತ್ತರಿಸಿದ, ಕೆಳಗೆ ಕಿರಿದಾಗುತ್ತ ಹೋದ ತುಂಡು. ಅವನೇ ಎತ್ತಿಕೊಟ್ಟ.

ಅವರ ಕಂಪ್ಯೂಟರನ್ನು ಮಗ ಆಪರೇಷನ್ ಆದ ಮೇಲೆ ಬೇರೆ ಥರ ಹೊಂದಿಸಿದ್ದ. ಬಣ್ಣ, ಚಿತ್ರ ಕಣ್ಣಿಗೆ ಚುಚ್ಚುತ್ತವೆಂದು ಎಲ್ಲ ತೆಗೆದುಹಾಕಿ, ಕಪ್ಪು ಪರದೆಯ ಮೇಲೆ ಬಿಳಿಯ ದಪ್ಪ ಅಕ್ಷರ ಮಾತ್ರ ಕಾಣುವಂತೆ ಮಾಡಿದ್ದ. ಸೊಸೆ ಕಳಿಸಿದ ಮೇಲ್ ಅಲ್ಲಿ ಬರೀ ಅಕ್ಷರವಾಗಿತ್ತು. "ಇಲ್ಲಿ ಒತ್ತಿ", ಮುಂದೆ ಒಂದು ಮೊಳದುದ್ದದ ವಿಳಾಸ. ಅದರ ಕೆಳಗೆ ಮತ್ತೆ "ಇಲ್ಲಿ ಒತ್ತಿ", ಮತ್ತೆ ಅಂಥದೇ ವಿಳಾಸ. ಇಲ್ಲಿ ಮಾತ್ರ ದೊಡ್ಡಮ್ಮ ಏನನ್ನೂ ಒತ್ತಲಿಲ್ಲ.

"ನಾನು ಅಡ್ಡಗಾಲು ಹಾಕಿದೆ ಅಂತ ತಾನೇ ಬಂದಿರೋದು," ಅತ್ತೆ ಕೇಳಿದರು. "ಬೇಡ ಅಂದಿದ್ದೆ. ಹೌದು. ಬೆಳಿಗ್ಗೆ ನನ್ನ ಕಣ್ಣಿಗೆ ಔಷಧಿ ಬಿಡೋರು ಯಾರು, ನೀವು ಬರ್ತೀರಾ?"

"ಕರೆದ್ರೆ ಬರ್ತೀನಿ," ಎಂದರು ದೊಡ್ಡಮ್ಮ.

ಅತ್ತೆ ಮತ್ತೆ ದಾರ ಎಳೆಯತೊಡಗಿದರು.

ಮೆಟ್ಟಿಲು ಹತ್ತುವಾಗ ಟೈಪಿಸ್ಟ್ ತನ್ನ ತೀರ್ಮಾನ ಹೇಳಿದ. ಬೇಡ ಎನ್ನಲು ಕಾರಣ ಇದ್ದವರು ಮೂವರೂ. ಅವರಲ್ಲಿ ಒತ್ತಿದೆ ಎಂದು ಒಪ್ಪಿಕೊಂಡವರು ಡಾಕ್ಟರು. ಬಾಯಿಬಿಟ್ಟು ಬೇಡ ಎಂದವರು ಅತ್ತೆ. ಇಬ್ಬರಲ್ಲಿ ಒಬ್ಬರು. ಯಾರೆಂದು ಹೇಳಲು ತನಗೆ ಧೈರ್ಯ ಸಾಲದು. ದೊಡ್ಡಮ್ಮ ಅವನಿಗೆ, ಆಸ್ಪತ್ರೆಯ ಗುಮಾಸ್ತರಿಗೆ ಫೋನು ಮಾಡಿ, ಬಟನ್ ಒತ್ತಿದವರಿಗೆ ಆಮೇಲೆ ಏನು ಕಾಣಿಸುತ್ತದೆ ಎಂದು ಕೇಳಲು ಹೇಳಿದರು. "ನಿಮ್ಮ ಉತ್ತರ ದಾಖಲಾಗಿದೆ, ಧನ್ಯವಾದ" ಎಂದಷ್ಟೇ ಕಾಣಿಸುತ್ತದಂತೆ. ಯಾವುದನ್ನು ಒತ್ತಿದರೂ ಅದೇ.

ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿಗೆ ರಜೆ. ರೋಗಿಗಳು ಕಾಯುವ ಕೋಣೆಯ ಬೆಂಚುಗಳ ಮೇಲೆ ಎಲ್ಲರೂ ಕೂತರು: ಹಲ್ಲಕ್ಕ, ಗಂಡ, ಅತ್ತೆ, ಡಾಕ್ಟರು. ಆಸ್ಪತ್ರೆಯ ಗುಮಾಸ್ತರು ಲ್ಯಾಪ್‌ಟಾಪ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹತ್ತಿರ ಕೂತರು. ಅರ್ಧ ದಿನದ ರಜೆ ಹಾಳಾದ ಸಿಟ್ಟು ಅವರ ಮುಖದಲ್ಲಿತ್ತು. ಟೈಪಿಸ್ಟ್ ಮೂಲೆಯಲ್ಲಿ, ಹಲ್ಲುಜ್ಜುವ ವಿಧಾನದ ಚಿತ್ರಪಟದ ಕೆಳಗೆ.

ದೊಡ್ಡಮ್ಮ ನಿಂತೇ ಮಾತಾಡಿದರು, ವಿಮಾ ಕಂಪನಿಗೆ ವರದಿ ಒಪ್ಪಿಸುವ ಹಾಗೆ. ಸುಟ್ಟ ಅಂಗಡಿಗೆ ಹೋದಾಗ ತಾವು ಮೊದಲು ಕೇಳುತ್ತಿದ್ದದ್ದು ಬೆಂಕಿ ಇಡಲು ಯಾರಿಗೆ ಮನಸ್ಸಿತ್ತು ಎಂದಲ್ಲ, ಯಾರ ಕೈಯಲ್ಲಿ ಕಡ್ಡಿ ಹೊತ್ತುತ್ತಿತ್ತು ಎಂದು, ಎಂದರು. ಇಲ್ಲಿ ಒಂದೇ ಮೇಲ್ ಮೂವರಿಗೆ ಹೋಯಿತು. ಮೂವರಿಗೂ ಬೇರೆ ಬೇರೆಯಾಗಿ ತಲುಪಿತು. ಡಾಕ್ಟರಿಗೆ ಹೋದದ್ದು ಬರೀ ಅಕ್ಷರದ ನಕಲು. ಅಕ್ಷರದ ಹಿಂದಿದ್ದ ಲಿಂಕ್ ನಕಲಿನಲ್ಲಿ ಬರಲಿಲ್ಲ. ಅವರು ಎಷ್ಟು ಒತ್ತಿದರೂ ಗೋಡೆ ಒತ್ತಿದ ಹಾಗೆ. ಗಂಡನ ಫೋನಿನಲ್ಲಿ ಬಣ್ಣವೆಲ್ಲ ಇತ್ತು, ಆದರೆ ಕಂಪನಿಯ ಕಾವಲು ಲಿಂಕನ್ನೇ ಕಿತ್ತುಹಾಕಿತ್ತು. ಒತ್ತಲು ಮನಸ್ಸಿದ್ದರೂ ಅವನ ಬಟನ್ ಬರೀ ಚಿತ್ರ.

"ಲಿಂಕ್ ಜೀವಂತ ಇದ್ದದ್ದು ಒಂದೇ ಕಡೆ," ಎಂದು ಅತ್ತೆಯ ಕಡೆ ತಿರುಗಿದರು.

ಗಂಡ ಅರ್ಧ ಎದ್ದ. "ಅಮ್ಮಾ," ಎಂದ. ಅತ್ತೆ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಹಲ್ಲಕ್ಕ ಅವರನ್ನು ನೋಡಲಿಲ್ಲ.

"ಕೂತ್ಕೋ. ನಾನಿನ್ನೂ ಮುಗಿಸಿಲ್ಲ," ಎಂದು ದೊಡ್ಡಮ್ಮ ಟೈಪಿಸ್ಟ್ ತಂದಿದ್ದ ಬೂದಿಬಣ್ಣದ ಕಾಗದವನ್ನು ಗುಮಾಸ್ತರ ಮುಂದೆ ಹಿಡಿದರು. "ಇದರಲ್ಲಿ ಕೆಲಸ ಬೇಕು ಅನ್ನೋದು ಯಾವುದು, ತೋರಿಸಿ."

ಗುಮಾಸ್ತರು ಕಾಗದ ನೋಡಿದರು, ಬೆರಳು ಮುಂದೆ ಮಾಡಿ ಹಿಂದಕ್ಕೆ ಎಳೆದುಕೊಂಡರು. ತಾವೇ ಸಿದ್ಧಮಾಡಿದ ಮೇಲ್ ಅದು. "ಬಣ್ಣ ಇದ್ರೆ ಗೊತ್ತಾಗತ್ತೆ," ಎಂದರು.

"ಇವರ ಪರದೇಲಿ ಬಣ್ಣ ಇಲ್ಲ. ಒಕ್ಕಣೇಲಿ ಮೊದಲು ಬರೋದು ಒಪ್ಪಿಗೆ, ಹಸಿರು. ಆಮೇಲೆ ಕೆಂಪು. ಯಾರೇ ಓದಿದ್ರೂ ಮೊದಲನೇ ಲಿಂಕು ಒಪ್ಪಿಗೆ ಅಂದ್ಕೋತಾರೆ. ಆದ್ರೆ ನೀವು ಕೆಂಪನ್ನ ಎಡಕ್ಕಿಟ್ಟಿದ್ರಿ. ಅಕ್ಕಪಕ್ಕ ಇದ್ದದ್ದು ಬರೀ ಅಕ್ಷರ ಆದಾಗ ಒಂದರ ಕೆಳಗೊಂದು ಬಿತ್ತು. ಎಡದ್ದು ಮೇಲಕ್ಕೆ ಬಂತು. ಒತ್ತಿದ ಮೇಲೂ ನೀವು ಧನ್ಯವಾದ ಅಂದ್ರಿ, ಯಾತಕ್ಕೆ ಅಂತ ಹೇಳ್ಲಿಲ್ಲ."

 ಟೈಪಿಸ್ಟ್ ಬರೆಯುವುದನ್ನು ನಿಲ್ಲಿಸಿದ್ದ. ಬೇಡ ಎಂದವರು ಯಾರು ಎಂದೇ ಎಲ್ಲರೂ ಹುಡುಕಿದ್ದರು. ಬೇಕು ಎಂದವರು ಒಬ್ಬರು ಇರಬಹುದು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಡಾಕ್ಟರು ಮೆಲ್ಲಗೆ ಕೆಮ್ಮಿದರು. ಇದು ಊಹೆ ಅಲ್ಲವೇ, ಕೆಳಗಿನದನ್ನು ಒಪ್ಪಿಗೆ ಅಂದುಕೊಂಡು, ಬೇಡ ಎನ್ನಲೆಂದೇ ಮೇಲಿನದನ್ನು ಒತ್ತಿರಬಹುದಲ್ಲ ಎಂದರು. ಒತ್ತಿದವರ ಮನಸ್ಸು ಹೊಕ್ಕು ನೋಡಿದವರಾರು?

"ನ್ಯಾಯವಾದ ಮಾತು," ದೊಡ್ಡಮ್ಮ ಒಪ್ಪಿದರು. "ಅದಕ್ಕೇ ದಿಂಬಿನ ಗವಸಿನ ವಿಷಯ ಹೇಳ್ಬೇಕಾಗಿದೆ. ದಿಂಬಿನ ಗವಸಿಗೆ ಯಾರೂ ಕಂಕುಳು ಕತ್ತರಿಸಲ್ಲ."

ಟೈಪಿಸ್ಟಿಗೆ ತಾನು ಎತ್ತಿಕೊಟ್ಟ ತುಂಡು ಕಣ್ಮುಂದೆ ಬಂತು. ಅದು ತೋಳು, ಪೂರ್ತಿ ತೋಳು. ದೊಡ್ಡಮ್ಮ ಹಲ್ಲಕ್ಕನನ್ನು ಕೇಳಿದರು, ಕೋಟಿನ ವಿಷಯ ಮನೆಯಲ್ಲಿ ಹೇಳಿದ್ದೆಯಾ ಎಂದು. ಇಲ್ಲ, ಕೆಲಸವೇ ಗಟ್ಟಿಯಿಲ್ಲದಾಗ ಕೋಟಿನ ಮಾತೇಕೆ ಎಂದು ಸುಮ್ಮನಿದ್ದಳಂತೆ. ಹಾಗಾದರೆ ಪೂರ್ತಿ ತೋಳಿನ ಬಿಳಿ ಕೋಟು ಬೇಕೆಂದು ಅತ್ತೆಗೆ ತಿಳಿದದ್ದು ಮೇಲ್ ಕೊನೆಯವರೆಗೂ ಓದಿದ್ದರಿಂದ. ಸೊಸೆಗೆ ಆ ಕೆಲಸ ಬೇಡವೆಂದು ಒತ್ತಿದವರು ಅದೇ ಕೆಲಸಕ್ಕೆ ಕೋಟು ಹೊಲಿಯಲು ಕೂರುವುದಿಲ್ಲ. ಗುರುವಾರ ನಿರಾಕರಣೆಯ ಸುದ್ದಿ ಮನೆಗೆ ಬಂತು. ಶುಕ್ರವಾರ ಅವರು ಅದೇ ಕೋಟನ್ನು ಬಿಚ್ಚುತ್ತಿದ್ದರು.

ಈಗ ಎಲ್ಲರೂ ಅತ್ತೆಯ ಕಡೆ ನೋಡಿದರು. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಮೇಲಿರೋದೇ ಹೌದು ಅನ್ನೋದು ಅಂದ್ಕೊಂಡೆ," ಎಂದರು.

"ಗುರುವಾರನೇ ಹೇಳ್ಬಹುದಿತ್ತಲ್ಲ ಅತ್ತೆ," ಹಲ್ಲಕ್ಕನ ದನಿಯಲ್ಲಿ ಸಿಟ್ಟಿತ್ತು. ಅದನ್ನು ಅವಳು ಅಡಗಿಸಲಿಲ್ಲ. "ನಾನು ಎರಡು ದಿನ ಸತ್ತು ಬದುಕಿದೀನಿ."

"ಏನಂತ ಹೇಳ್ಲಿ? ಬೇಡ ಬೇಡ ಅಂತ ಬಾಯಿ ಬಡ್ಕೊಂಡೋಳು ಬೇಕು ಅಂತ ಒತ್ತಿದೆ ಅಂದ್ರೆ ನೀನು ನಂಬ್ತಿದ್ಯಾ?"

ಹಲ್ಲಕ್ಕ ನಂಬುತ್ತಿರಲಿಲ್ಲ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಗುಮಾಸ್ತರು ಚೀಲ ಬಿಚ್ಚಿದರು. ಅತ್ತೆ ಹೇಳಿದ್ದನ್ನು ಟೈಪು ಮಾಡಿಕೊಂಡು, ಗಟ್ಟಿಯಾಗಿ ಓದಿ ಹೇಳಿ, ಅವರ ಒಪ್ಪಿಗೆ ಪಡೆದು ಹಳೆಯ ಉತ್ತರವನ್ನು ರದ್ದು ಮಾಡಿದರು. ಆಮೇಲೆ, ಯಾರೂ ಕೇಳದಿದ್ದರೂ, ಎರಡು ಬಟನ್‌ಗಳ ಮೇಲಿನ ಬರಹ ಅಳಿಸಿ ಒಂದಕ್ಕೆ "ಸೇರುತ್ತೇನೆ" ಎಂದೂ ಇನ್ನೊಂದಕ್ಕೆ "ಸೇರುವುದಿಲ್ಲ" ಎಂದೂ ಬರೆದು ಹೊಸ ಮೇಲ್ ಕಳಿಸಿದರು. ಹಲ್ಲಕ್ಕನ ಫೋನು ಸದ್ದು ಮಾಡಿತು. ಗಂಡ ಏನೋ ಹೇಳಲು ಬಾಯಿ ತೆರೆದ. ಡಾಕ್ಟರು ಗೋಡೆಯ ಕಡೆ ತಿರುಗಿಕೊಂಡರು. ಸೋಮವಾರದಿಂದ ಎಲ್ಲರ ಮುಖ ನೋಡಿ ನೋಡಿ ಕಾದಿದ್ದವಳು ಈಗ ಯಾರ ಮುಖವನ್ನೂ ನೋಡದೆ ಒತ್ತಿದಳು.

ಇಲ್ಲಿಗೆ ಪತ್ತೆಯ ಕೆಲಸ ಮುಗಿಯಿತು. ಒಂದು ವಿಷಯ ಮಾತ್ರ ಉಳಿದಿದೆ. ಎಲ್ಲರ ಎದುರಿಗೆ ಬೇಡ ಎಂದವರು, ಯಾರೂ ಇಲ್ಲದಾಗ ಬೇಕು ಎಂದು ಏಕೆ ಒತ್ತಿದರು? ಸೋಮವಾರಕ್ಕೂ ಬುಧವಾರಕ್ಕೂ ನಡುವೆ ಮನಸ್ಸು ತಿರುಗಿತೋ, ಮೊದಲಿನಿಂದಲೂ ಹಾಗೇ ಇತ್ತೋ? ಟೈಪಿಸ್ಟ್ ದೊಡ್ಡಮ್ಮನನ್ನು ಕೇಳಿದ. ತಮಗೆ ಒಪ್ಪಿಸಿದ್ದು ಯಾರು ಒತ್ತಿದರು ಎಂಬುದಷ್ಟೇ ಎಂದು ಅವರು ಹೇಳಿ ಕಳಿಸಿದರು. ಧೈರ್ಯ ಮಾಡಿ ಅತ್ತೆಯನ್ನೇ ಕೇಳಿದ. ಅವರು ಬಿಸಿಲು ಜಾಸ್ತಿ ಎಂದು ಕಿಟಕಿಯ ಪರದೆ ಎಳೆದರು. ಸೊಸೆ ಕೇಳಿದಳೋ ಇಲ್ಲವೋ, ಕೇಳಿದ್ದರೆ ಏನು ಉತ್ತರ ಸಿಕ್ಕಿತೋ, ಅವನಿಗೆ ತಿಳಿಯಲಿಲ್ಲ. ನನಗೂ ತಿಳಿದಿಲ್ಲ.